ಬಿದಿರುಬಿಲ್ಲಿನ ಒಂದು ದಿನದ ಕೂಟ: ಜಾಗ, ಹುಲ್ಲು, ನಿಯಮ, ಊಟ... ಎಲ್ಲರೂ ಹೇಳಿ

ಬಿದಿರುಬಿಲ್ಲು (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಲಬ್ಬಿನಲ್ಲಿ ಭಾನುವಾರ ಬೆಳಗ್ಗೆ ಬಿಲ್ಲು ಹಿಡಿಯುವವರು ಈಗ 18 ಜನ. ಅರ್ಧ ಜನರ ಕೈಯಲ್ಲಿ ಬಿದಿರಿನ ಬಿಲ್ಲು. ಉಳಿದವರದ್ದು ಕುದುರೆ ಸವಾರರ ಗಿಡ್ಡ ಬಿಲ್ಲು, ಇಲ್ಲವೇ ಮರದ ಹಿಡಿಯ ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು). ಗುರಿ ನೋಡುವ ಸೈಟ್ ಇಲ್ಲ, ಅಲುಗಾಟ ತಡೆಯುವ ಸ್ಟೆಬಿಲೈಸರ್ ಇಲ್ಲ. ಇಂಥ ಬಿಲ್ಲುಗಳಿಗೆಂದೇ ಒಂದು ದಿನದ ಕೂಟ ಮಾಡೋಣ ಅಂತ ಎರಡು ವರ್ಷದಿಂದ ಟೀ ಕುಡಿಯುವಾಗಲೆಲ್ಲ ಮಾತಾಡುತ್ತಿದ್ದೇವೆ. ಈ ಸಲ ಮಾಡಿಯೇ ಬಿಡೋಣ.

ನನ್ನ ಲೆಕ್ಕ ಇಷ್ಟು. ಮೈಸೂರು, ಮಂಡ್ಯ ಸೇರಿ 40 ಜನ. ಬೆಳಗ್ಗೆ ಎಂಟಕ್ಕೆ ಶುರು, ಎರಡಕ್ಕೆ ಊಟ. ವಿಜಯದಶಮಿ ಆದ ಮೇಲಿನ ಭಾನುವಾರ ಇಟ್ಟುಕೊಂಡರೆ ಚೆನ್ನ. ಆಯುಧಪೂಜೆಗೆ ಬಿಲ್ಲಿಗೆ ಕುಂಕುಮ ಇಟ್ಟು, ಬನ್ನಿ ಹಂಚಿ, ಅದೇ ವಾರ ಬಾಣ ಬಿಟ್ಟರೆ ಅದಕ್ಕೊಂದು ಕಳೆ.

ಜಾಗ ಇನ್ನೂ ಇಲ್ಲ. ಕ್ಲಬ್ಬಿನ ಅಂಗಳ 22 ಮೀಟರ್ ಉದ್ದ, ಸುತ್ತ ಮನೆಗಳು. ಹೋದ ವರ್ಷದ ಕಥೆ ಕೆಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಂದು ಶಾಲೆಯ ಮೈದಾನದಲ್ಲಿ ಹತ್ತು ಜನ ಸೇರಿದ್ದೆವು. ಗುರಿಯ ಹಿಂದೆ ತಂತಿ ಬೇಲಿ, ಬೇಲಿಯಾಚೆ ಒಂದು ಮನೆಯ ಹಿತ್ತಿಲು. ನನ್ನದೇ ಬಾಣ ಗುರಿಗಿಂತ ಮುಂಚೆ ನೆಲಕ್ಕೆ ತಾಗಿ, ಹುಲ್ಲಿನೊಳಗೆ ಹಾವಿನ ಹಾಗೆ ಸರಿದು, ಬೇಲಿಯ ಕಿಂಡಿಯಲ್ಲಿ ನುಸುಳಿ ಹೋಯಿತು. ಹೋಗಿ ನೋಡಿದರೆ ಒಣಗಲು ಹಾಕಿದ್ದ ಸೀರೆಯ ಅಂಚಿಗೆ ಸಿಕ್ಕಿಕೊಂಡು ನೇತಾಡುತ್ತಿದೆ. ಆ ಮನೆಯ ಅಜ್ಜಿ ಬಾಣ ಬಿಡಿಸಿ ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. "ಮಗು ಇಲ್ಲೇ ಆಡ್ತಿತ್ತು ಕಣಪ್ಪ, ಈಗ ತಾನೆ ಒಳಗೆ ಹೋಯ್ತು" ಅಂದರು ಅಷ್ಟೇ. ಆಮೇಲೆ ಒಂದು ತಿಂಗಳು ನಾನು ಬಿಲ್ಲು ಮುಟ್ಟಲಿಲ್ಲ.

ಹಾಗಾಗಿ ಮೊದಲು ಜಾಗದ ವಿಷಯ ಹೇಳಿ. ಬಹುಮಾನ, ಬ್ಯಾನರ್ ಎಲ್ಲ ಆಮೇಲೆ.

ಹೊಸಬ

ನಾನೂ ಬರುತ್ತೇನೆ. ಕಚ್ಚೆಪಂಚೆ, ಪೇಟ ಕಡ್ಡಾಯವಾ?

ಪಿಟಿ ಮೇಷ್ಟ್ರು (ಮಂಡ್ಯ)

ಪೇಟದ ಮಾತು ಆಮೇಲೆ ನೋಡೋಣ.

ಸೀರೆ ಕಥೆ ಬರೆದದ್ದು ಒಳ್ಳೆಯದಾಯಿತು. ಇಂಥ ಕಥೆ ಎಲ್ಲ ಕ್ಲಬ್ಬಿನಲ್ಲೂ ಒಂದಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ನಾನು ಶಾಲೆಯಲ್ಲಿ ಮಕ್ಕಳಿಗೆ ಜಾವೆಲಿನ್ ಕಲಿಸುತ್ತಿದ್ದೆ. ಎಸೆಯುವ ಹುಡುಗನ ಮೇಲೆ ಅರ್ಧ ಕಣ್ಣು, ಅದು ಬೀಳುವ ಕಡೆ ಒಂದೂವರೆ ಕಣ್ಣು. ಬಿಲ್ಲಿಗೂ ಅದೇ ಲೆಕ್ಕ. 30 ಪೌಂಡಿನ ಬಿಲ್ಲು (ಹೆದೆ ಪೂರ್ತಿ ಎಳೆಯಲು ಬೇಕಾದ ಬಲದ ಲೆಕ್ಕ ಅದು) ಅಂದರೆ ಆಟಿಕೆ ಅಂದುಕೊಳ್ಳುತ್ತಾರೆ. ಕೈ ಜಾರಿ ಮೇಲಕ್ಕೆ ಹೋದರೆ ಆ ಬಾಣಕ್ಕೆ 100 ಮೀಟರ್ ದಾಟುವುದು ದೊಡ್ಡ ಮಾತಲ್ಲ. ಬಲೆ ಕಟ್ಟುತ್ತೇವೆ ಅನ್ನಬೇಡಿ. ಬಲೆ ನೇರ ಬಂದದ್ದನ್ನು ಹಿಡಿಯುತ್ತದೆ, ಮೇಲೆ ಹೋದದ್ದನ್ನಲ್ಲ. ಹಿಂದೆ ಖಾಲಿ ನೆಲ ಬೇಕು, ಅದರ ಹಿಂದೆ ದಿಣ್ಣೆ ಇದ್ದರೆ ಇನ್ನೂ ಒಳ್ಳೆಯದು.

ಗುರಿ ಉತ್ತರಕ್ಕಿರಲಿ. ಅಂತರರಾಷ್ಟ್ರೀಯ ನಿಯಮದಲ್ಲೂ ನಮ್ಮ ಅರ್ಧಗೋಳಕ್ಕೆ ಉತ್ತರವೇ. ಪೂರ್ವಕ್ಕಿಟ್ಟರೆ ಬೆಳಗ್ಗೆ ಎಂಟರ ಬಿಸಿಲು ನೇರ ಕಣ್ಣಿಗೆ.

ಇನ್ನು ದಸರಾ ವಾರ. ಮನಸ್ಸಿಗೆ ಚೆನ್ನ, ಆದರೆ ಹಿಂಗಾರು ಮಳೆಯ ಕಾಲ. ಜಂಬೂಸವಾರಿಯೇ ನೆನೆದದ್ದು ನೋಡಿಲ್ವಾ? ಗರಿ ನೆನೆದರೆ ಬಾಣದ ಮೈಗೆ ಅಂಟಿಕೊಳ್ಳುತ್ತದೆ, ಆಮೇಲೆ ಅದು ಹೋದದ್ದೇ ದಾರಿ. ಸಂಕ್ರಾಂತಿ ಆದ ಮೇಲೆ ಇಟ್ಟುಕೊಳ್ಳಿ.

ಸೈಟ್ ಪಿನ್

ಅಂದರೆ ರಾಟೆ, ಸೈಟ್ ಎಲ್ಲ ಇರುವ ಕಾಂಪೌಂಡ್ ಬಿಲ್ಲಿನವರು ಬರುವ ಹಾಗಿಲ್ಲ ಅಂತ ಆಯಿತು. ನಾವೂ ಇದೇ ಊರಿನವರು ಸ್ವಾಮಿ.

ಬಿದಿರುಬಿಲ್ಲು

ಬೇಜಾರಾಗಬೇಡಿ ಸರ್. ನಿಮಗೆ ವರ್ಷವೆಲ್ಲ ಪಂದ್ಯ ಇರುತ್ತದೆ. ನಮ್ಮವರು ಬಿದಿರುಬಿಲ್ಲು ಹಿಡಿದು ನಿಮ್ಮ ಪಕ್ಕ ನಿಂತರೆ ಎರಡನೇ ಸುತ್ತಿಗೇ ಮನೆಗೆ ಹೊರಡುತ್ತಾರೆ. ನೀವು ಜಡ್ಜ್ ಆಗಿ ಬನ್ನಿ. ಗೆರೆಯ ಮೇಲಿನ ಬಾಣ ಒಳಗೋ ಹೊರಗೋ ಅಂತ ನೋಡುವ ಕಣ್ಣು ನಮ್ಮಲ್ಲಿ ಯಾರಿಗೂ ಇಲ್ಲ.

ಗದ್ದೆಬಯಲು (ಪಾಂಡವಪುರ ಕಡೆ)

ನಮ್ಮ ಗದ್ದೆ ಇದೆ. ಒಂದೂವರೆ ಎಕರೆ, ಉದ್ದ 150 ಮೀಟರ್ ಹತ್ರ. ಉತ್ತರದ ಕಡೆ ಪಾಳು ದಿಣ್ಣೆ, ಅದರ ಹಿಂದೆ ಬಂಡೆ. ನಿಂತರೆ ದೂರದಲ್ಲಿ ಕುಂತಿಬೆಟ್ಟ ಕಾಣುತ್ತದೆ. ಪಾಂಡವರು ಇದ್ದ ಬೆಟ್ಟ ಅಂತಾರೆ, ಅರ್ಜುನನ ಮುಂದೆ ಬಾಣ ಬಿಟ್ಟ ಹಾಗೂ ಆಯಿತು ನಿಮಗೆ. ಭತ್ತದ ಕೊಯ್ಲು ಮುಗಿದ ಮೇಲೆ ನೀರು ಬಿಡುವ ತನಕ ನೆಲ ಖಾಲಿ. ಬಾಡಿಗೆ ಬೇಡ.

ಆದರೆ ಒಂದು ಮಾತು. ಇದಕ್ಕೆ ಒಪ್ಪಿದರೆ ಮಾತ್ರ ಬನ್ನಿ.

ನಾಲ್ಕು ವರ್ಷದ ಹಿಂದೆ ನಮ್ಮ ಹಸು ಒಂದು ಸತ್ತಿತು. ಎರಡನೇ ಕರು ಹಾಕಿ ತಿಂಗಳಾಗಿತ್ತು. ಮೇವು ಬಿಟ್ಟಿತು, ಬೆನ್ನು ಗೂನು ಮಾಡಿಕೊಂಡು ನಿಲ್ಲುತ್ತಿತ್ತು, ಇಳಿಜಾರಿನಲ್ಲಿ ಕಾಲಿಡಲು ನರಳುತ್ತಿತ್ತು. ಡಾಕ್ಟ್ರು ನೋಡಿ ಹೊಟ್ಟೆಯಲ್ಲಿ ಕಬ್ಬಿಣ ಇದೆ ಅಂದರು. ಒಂದು ತಂತಿ ಚೂರು, ಬೆರಳುದ್ದ ಇಲ್ಲ. ದನ ಅಗಿದು ನೋಡಿ ನುಂಗುವುದಿಲ್ಲ, ನಾಲಿಗೆಯಲ್ಲಿ ಸುತ್ತಿ ಎಳೆದುಕೊಳ್ಳುತ್ತದೆ. ಕಬ್ಬಿಣ ಹೋಗಿ ಹೊಟ್ಟೆಯ ಮುಂದಿನ ಚೀಲದಲ್ಲಿ ಕೂರುತ್ತದೆ. ಅಲ್ಲಿಂದ ಗುಂಡಿಗೆಗೆ ಗೇಣು ದೂರವೂ ಇಲ್ಲ. ಚುಚ್ಚಿಕೊಂಡರೆ ಮುಗಿಯಿತು.

ಈಗ ನೀವು 40 ಜನ ಬಂದು ನೂರಾರು ಬಾಣ ಬಿಡುತ್ತೀರಿ. ಒಂದು ಮೊನೆ ಮುರಿದು ಗದ್ದೆಯಲ್ಲಿ ಉಳಿದರೆ ಮುಂದಿನ ಹುಲ್ಲಿನ ಜೊತೆ ಅದೂ ಮನೆಗೆ ಬರುತ್ತದೆ. ಹಾಗಾಗಿ ಪ್ರತಿ ಬಾಣ ಎಣಿಸಿ ಒಳಗೆ, ಎಣಿಸಿ ಹೊರಗೆ. ಒಂದು ಕಡಿಮೆ ಬಂದರೂ ಸಿಗುವ ತನಕ ಆಟ ನಿಲ್ಲಬೇಕು. ಗುರಿಗೆ ಕಟ್ಟಿದ ಹುಲ್ಲು ಆಮೇಲೆ ದನಕ್ಕೆ ಹಾಕುವ ಹಾಗಿಲ್ಲ, ಸುಟ್ಟು ಬೂದಿಯಲ್ಲಿ ಮೊನೆ ಹುಡುಕಬೇಕು. ಒಪ್ಪಿಗೆಯಾ?

ಬಿದಿರುಬಿಲ್ಲು

ಒಪ್ಪಿಗೆ ಅಣ್ಣ. ಬಾಣ ಕಳೆದರೆ 200 ರೂಪಾಯಿ ಹೋಯಿತು ಅಂತ ಕೊರಗುತ್ತಿದ್ದೆವು. ಹಸು ಹೋಗುತ್ತದೆ ಅಂತ ಒಬ್ಬನೂ ಯೋಚಿಸಿರಲಿಲ್ಲ.

ಹೆಬ್ಬೆರಳು (ಶ್ರೀರಂಗಪಟ್ಟಣ)

ಗದ್ದೆಬಯಲಣ್ಣ ಹೇಳಿದ್ದು ನಿಯಮ ಒಂದು ಅಂತ ಬರೆದುಕೊಳ್ಳಿ. ಪ್ರತಿ ಬಾಣದ ಮೇಲೆ ಹೆಸರು, ನಂಬರ್. ಬೆಳಗ್ಗೆ ಹೆಸರು ಬರೆಸುವಾಗಲೇ ಆರು ಬಾಣ ತೋರಿಸಬೇಕು. ಜೊತೆಗೆ ಒಂದೊಂದನ್ನೂ ಕಿವಿ ಹತ್ರ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಬೇಕು. ಬಿದಿರು ಒಳಗೆ ಸೀಳಿದ್ದರೆ ಚಿಟಿಚಿಟಿ ಅನ್ನುತ್ತದೆ. ಅಂಥದ್ದು ಬಿಟ್ಟ ಕ್ಷಣ ಮುರಿದು ಬಿಲ್ಲು ಹಿಡಿದ ಕೈಗೇ ಹೊಕ್ಕೀತು. ಕಾರ್ಬನ್ ಬಾಣಕ್ಕೂ ಇದೇ ಪರೀಕ್ಷೆ.

ಇನ್ನೊಂದು. ನಾನು ಹೆಬ್ಬೆರಳಿನಲ್ಲಿ ಹೆದೆ ಎಳೆಯುವವಳು, ಉಂಗುರ ಹಾಕಿಕೊಂಡು. ಹಾಗೆ ಎಳೆದರೆ ಬಲಗೈಯವರ ಬಾಣ ಬಿಲ್ಲಿನ ಬಲಕ್ಕೆ ಕೂರುತ್ತದೆ. ಮೂರು ಬೆರಳಲ್ಲಿ ಎಳೆಯುವವರದ್ದು ಎಡಕ್ಕೆ. ಒಂದು ಕೂಟದಲ್ಲಿ ಹಿರಿಯರೊಬ್ಬರು "ತಪ್ಪು ಕಡೆ ಇಟ್ಟಿದ್ದೀಯಮ್ಮ" ಅಂತ ನನ್ನ ಬಾಣವನ್ನು ಮೂರು ಸಲ ಎಡಕ್ಕೆ ಎತ್ತಿಟ್ಟರು. ಮೂರನೇ ಸಲ ನಾನು "ಏಕಲವ್ಯನದ್ದು ಹೋಗಿದ್ದು ಯಾವ ಬೆರಳು ಹೇಳಿ" ಅಂದೆ. ಜಡ್ಜ್ ಆಗುವವರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಪೇಟ ಕೇಳಿದವರಿಗೆ: ಹಾಕಿಕೊಂಡು ಬನ್ನಿ, ಚೆನ್ನಾಗಿರುತ್ತದೆ. ಶಲ್ಯ ಮಾತ್ರ ಬೇಡ. ಹೆದೆ ಬಿಟ್ಟಾಗ ಶಲ್ಯ, ಸಡಿಲ ತೋಳು, ಉದ್ದ ಸರ, ಬಿಚ್ಚಿದ ಕೂದಲು ಯಾವುದು ಸಿಕ್ಕರೂ ಎಳೆದುಕೊಂಡು ಹೋಗುತ್ತದೆ.

ಹೊಸಬ

ಸರಿ ಅಕ್ಕ. ಬಿಲ್ಲು ಕೊಳ್ಳಬೇಕು, 50 ಪೌಂಡ್ ತಗೊಳ್ಳಲಾ? ಜಿಮ್‌ಗೆ ಹೋಗುತ್ತೇನೆ.

ಹೆಬ್ಬೆರಳು

ಬೇಡ. ಇಪ್ಪತ್ತರಿಂದ ಇಪ್ಪತ್ತೈದು ಸಾಕು. ಜಿಮ್ಮಿನ ತೋಳು ಬೇರೆ, ಬೆನ್ನಿನಲ್ಲಿ ಎಳೆದು ನಿಲ್ಲಿಸುವುದು ಬೇರೆ. ಮೊದಲ ತಿಂಗಳು ಕ್ಲಬ್ಬಿನ ಬಿಲ್ಲು ಹಿಡಿ, ದುಡ್ಡು ಉಳಿಯುತ್ತದೆ. ಮತ್ತೆ ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡ, ತಮಾಷೆಗೂ ಬೇಡ. ಬಾಣಕ್ಕೆ ಹೋಗಬೇಕಾದ ಬಲ ತಿರುಗಿ ಬಿಲ್ಲಿಗೇ ಬಡಿಯುತ್ತದೆ. ನನ್ನ ಮೊದಲ ಬಿಲ್ಲು ಹಾಗೇ ಹೋಯಿತು, ಮದುವೆಗೆ ಬಂದ ನೆಂಟರೊಬ್ಬರ ಕೈಯಲ್ಲಿ.

ಉಳಿ ಸುತ್ತಿಗೆ

ಗುರಿ ಕಟ್ಟುವ ಕೆಲಸ ನನಗೆ ಬಿಡಿ. ಫೋಮ್ ಹಲಗೆ ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ, ಆರು ಗುರಿಗೆ ಕೇಳುವ ಬೆಲೆ ನೋಡಿದರೆ ಕೂಟವೇ ಬೇಡ ಅನಿಸುತ್ತದೆ. ಮಂಡ್ಯದಲ್ಲಿ ಕೂತು ಹುಲ್ಲಿಗೆ ಬರವಾ?

ಭತ್ತದ ಹುಲ್ಲನ್ನು ತೋಳು ದಪ್ಪದ ಹುರಿ ಹೊಸೆದು, ಚಕ್ಕುಲಿ ಸುತ್ತಿದ ಹಾಗೆ ಸುತ್ತುತ್ತಾ ಬರಬೇಕು. ಪ್ರತಿ ಸುತ್ತನ್ನೂ ಹಿಂದಿನ ಸುತ್ತಿಗೆ ದಬ್ಬಳದಲ್ಲಿ ಹೊಲಿಯಬೇಕು. ದಾರ ನೈಲಾನ್ ಇರಲಿ. ಹುಲ್ಲು ಪೂರ್ತಿ ಒಣಗಿದ್ದರೆ ಹೊಸೆಯುವಾಗ ಪಟಪಟ ಮುರಿಯುತ್ತದೆ. ಹಿಂದಿನ ರಾತ್ರಿ ನೀರು ಚಿಮುಕಿಸಿ ಗೋಣಿಚೀಲ ಮುಚ್ಚಿಡಿ. ಮೇಲೆ ನಿಂತು ತುಳಿದು ತುಳಿದು ಬಿಗಿ ಮಾಡಬೇಕು. ಸಡಿಲ ಇದ್ದರೆ ಬಾಣ ಗರಿಯ ತನಕ ಹೊಕ್ಕು ಗರಿ ಹಾಳು. ಗೇಣು ದಪ್ಪ ಬಂದರೆ 40 ಪೌಂಡಿನ ಬಿಲ್ಲಿಗೆ ಸಾಕು.

ಗದ್ದೆಬಯಲಣ್ಣನಿಗೆ ಒಂದು ಪ್ರಶ್ನೆ. ಕೊಯ್ಲು ಕೈಯಲ್ಲೋ ಮಿಷನ್ನಿನಲ್ಲೋ? ಮಿಷನ್ ಹುಲ್ಲು ತುಂಡು ತುಂಡು, ಹುರಿ ಹಿಡಿಯುವುದಿಲ್ಲ.

ಗದ್ದೆಬಯಲು

ಮಿಷನ್ನೇ. ಈಗ ಆಳು ಎಲ್ಲಿ ಸಿಗುತ್ತಾರೆ? ನಿಮಗೋಸ್ಕರ ನಾಲೆ ಪಕ್ಕದ ಹತ್ತು ಗುಂಟೆ ಕೈಕೊಯ್ಲು ಮಾಡಿಸುತ್ತೇನೆ. ಆದರೆ ಕೊಯ್ಯಲು ನೀವೇ ಬರಬೇಕು.

ಪಿಟಿ ಮೇಷ್ಟ್ರು

ಬಿಲ್ಲುಗಾರರ ಬೆನ್ನು ಎಷ್ಟು ಗಟ್ಟಿ ಅಂತ ಅವತ್ತು ಗೊತ್ತಾಗುತ್ತದೆ.

ಮೋಡದೂರು

ನಾನು ಕೆಲಸದ ಮೇಲೆ ಶಿಲ್ಲಾಂಗ್‌ನಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಖಾಸಿ ಜನ ಈಗಲೂ ಬಿದಿರುಬಿಲ್ಲು ಹಿಡಿಯುತ್ತಾರೆ. ಗುರಿ ಅಂದರೆ ಹುಲ್ಲಿನ ಒಂದು ಉರುಳೆ, ಕೋಲಿಗೆ ಸಿಕ್ಕಿಸಿರುತ್ತಾರೆ. ಬಣ್ಣದ ಉಂಗುರ ಇಲ್ಲ, ಹತ್ತು ಒಂಬತ್ತು ಅಂಕ ಇಲ್ಲ. ಎಲ್ಲರೂ ಅರ್ಧಚಂದ್ರದ ಹಾಗೆ ಕೂತು ಬಾಣ ಬಿಡುತ್ತಾರೆ, ಆಮೇಲೆ ತಾಗಿದ ಬಾಣ ಎಷ್ಟು ಅಂತ ಎಣಿಸುತ್ತಾರೆ. ಆ ಲೆಕ್ಕದ ಕೊನೆಯ ಎರಡು ಅಂಕಿಯ ಮೇಲೆ ಊರಿಗೆ ಊರೇ ಬಾಜಿ ಕಟ್ಟುತ್ತದೆ, ಸರ್ಕಾರದ ಲೈಸೆನ್ಸ್ ಇಟ್ಟುಕೊಂಡೇ. ತೀರ್ ಅನ್ನುತ್ತಾರೆ. ಬಾಜಿ ನಮಗೆ ಬೇಡ, ಆದರೆ ತಾಗಿತಾ ಇಲ್ಲವಾ ಅನ್ನುವ ಒಂದು ಸುತ್ತು ಇಟ್ಟರೆ ಹೊಸಬರಿಗೂ ಖುಷಿ. ಉಂಗುರದ ಲೆಕ್ಕದಲ್ಲಿ ಹೊಸಬರು ಯಾವಾಗಲೂ ಹೊರಗಿನ ಬಿಳಿ ಉಂಗುರದಲ್ಲೇ ಇರುತ್ತಾರೆ.

ಬಾಡೂಟ

ತೆಂಗಿನಕಾಯಿ ಕಟ್ಟಿ! ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಹಾಗೆ.

ಸೈಟ್ ಪಿನ್

ಗುಂಡು ಕಾಯನ್ನು ಒಡೆದು ಹೋಗುತ್ತದೆ. ಬಾಣ ಗಟ್ಟಿ ಗುಂಡಗಿನ ಚಿಪ್ಪಿಗೆ ತಾಗಿದರೆ ಎತ್ತ ಹಾರುತ್ತದೆ ಅಂತ ದೇವರಿಗೂ ಗೊತ್ತಿಲ್ಲ. ಜಡ್ಜ್ ಆಗಿ ನನ್ನ ಮೊದಲ ತೀರ್ಪು: ಕಾಯಿ ಊಟದ ಎಲೆಗೆ.

ಗದ್ದೆಬಯಲು

ಬಾಳೆಗಿಡ ನಿಲ್ಲಿಸಿ. ನಮ್ಮ ಕಡೆ ವಿಜಯದಶಮಿ ಸಂಜೆ ದೇವರು ಬನ್ನಿಮರದ ಹತ್ರ ಬರುತ್ತದೆ, ನೆಟ್ಟ ಬಾಳೆಕಂಬಕ್ಕೆ ಅಂಬು ಹೊಡೆಯುತ್ತಾರೆ. ಅಂಬು ಬಿದ್ದ ಮೇಲೆಯೇ ಎಲ್ಲರೂ ಬನ್ನಿಗೆ ಕೈ ಹಾಕುವುದು. ಚಿಕ್ಕವನಿದ್ದಾಗ ಅದೊಂದನ್ನು ನೋಡಲು ಅಪ್ಪನ ಹೆಗಲ ಮೇಲೆ ಕೂತು ಕಾಯುತ್ತಿದ್ದೆ. ಗೊನೆ ಕಡಿದ ಗಿಡ ಹೇಗೂ ವೇಸ್ಟು, ಮತ್ತೆ ಅದು ಗೊನೆ ಬಿಡುವುದಿಲ್ಲ. ತೋಟದಲ್ಲಿ ಎಷ್ಟು ಬೇಕಾದರೂ ಇದೆ.

ಹೆಬ್ಬೆರಳು

ಅಬ್ಬಾ, ಇದು ಬೇಕಿತ್ತು. ನಾನು ಮನೆಯ ಹಿಂದೆ ಹೊಡೆದು ನೋಡಿದ್ದೇನೆ. ಬಾಣ ಹೋಗಿ ನಿಂತಾಗ ಹುಲ್ಲಿನ ಗುರಿಯಲ್ಲಿ ಬರುವ ಡಬ್ ಅನ್ನುವ ಸದ್ದು ಬರುವುದಿಲ್ಲ. ಒದ್ದೆ ಬಟ್ಟೆ ಒಗೆದ ಹಾಗೆ ಪಚ್ ಅನ್ನುತ್ತದೆ. ಎಳೆದರೆ ತೂತಿನಿಂದ ನೀರು ಇಳಿಯುತ್ತದೆ. ಒಳ್ಳೆಯ ಬಟ್ಟೆ ಹಾಕಿಕೊಂಡು ಬರಬೇಡಿ, ಬಾಳೆ ಕರೆ ಏನು ಮಾಡಿದರೂ ಹೋಗುವುದಿಲ್ಲ. ಅಗಲ ಒಂದು ಗೇಣು, ಎತ್ತರ ಆಳೆತ್ತರ. ಬಾಣ ಮೇಲೆ ಕೆಳಗೆ ಆದರೆ ಚಿಂತೆ ಇಲ್ಲ, ಎಡ ಬಲ ಆದರೆ ಹೋಯಿತು. 25 ಮೀಟರಿಗೆ ಇಡಿ, ದೊಡ್ಡವರ ಜಂಭ ಇಳಿಯಲಿ.

ಪಿಟಿ ಮೇಷ್ಟ್ರು

ಸರಿ, ಕೇಳಿ. ಕಾಗದ ಪೆನ್ನು ಹಿಡಿದು ಕೂತಿದ್ದೇನೆ.

40 ಬೇಡ, 36 ಜನ. ಆರು ಗುರಿ, ಗುರಿಗೆ ಆರು ಜನ. ಮೊದಲು ಮೂವರು, ಆಮೇಲೆ ಮೂವರು, ತಲೆಗೆ ಮೂರು ಬಾಣ, ಎರಡು ನಿಮಿಷ. ಎರಡೂ ಗುಂಪಿನ ಸರದಿ ಮುಗಿದ ಮೇಲೆ ಒಟ್ಟಿಗೆ ಹೋಗಿ ಕೀಳುವುದು. ಹೋಗಿ ಬಂದು ಅಂಕ ಬರೆಯಲು ಆರು ನಿಮಿಷ. ಅಂದರೆ ಒಂದು ಸಲಕ್ಕೆ ಹತ್ತು ನಿಮಿಷ. 18 ಮೀಟರಿನಲ್ಲಿ 80 ಸೆಂಟಿಮೀಟರ್ ಉಂಗುರದ ಕಾಗದಕ್ಕೆ ಆರು ಸಲ, ತಲೆಗೆ 18 ಬಾಣ, ಪೂರ್ತಿ ಅಂಕ 180. ಒಂದು ಗಂಟೆ. ಬಾಳೆಕಂಬಕ್ಕೆ 25 ಮೀಟರಿನಿಂದ ನಾಲ್ಕು ಸಲ, 12 ಬಾಣ, ತಾಗಿದರೆ 5, ಪೂರ್ತಿ 60. ನಲವತ್ತು ನಿಮಿಷ. ನಡುವೆ ಮಜ್ಜಿಗೆ. 14 ವರ್ಷದೊಳಗಿನ ಮಕ್ಕಳು 10 ಮೀಟರಿನಿಂದ. ಎಂಟಕ್ಕೆ ಸೇರಿ, ಒಂಬತ್ತಕ್ಕೆ ಮೊದಲ ಬಾಣ ಬಿಟ್ಟರೆ ಹನ್ನೆರಡರೊಳಗೆ ಆಟ ಮುಗಿಯುತ್ತದೆ. ಬಿಸಿಲೇರುವ ಮುಂಚೆ. ರಾಷ್ಟ್ರೀಯ ಮಟ್ಟದ ಇಂಡಿಯನ್ ರೌಂಡ್‌ನಲ್ಲಿ ಬಿದಿರುಬಿಲ್ಲಿಗೆ 50 ಮತ್ತು 30 ಮೀಟರ್ ಇಡುತ್ತಾರೆ. ನಮ್ಮವರಿಗೆ ಈಗಲೇ ಅದು ಬೇಡ.

ಸೀಟಿ ನಾನು ಊದುತ್ತೇನೆ. ಎರಡು ಸಲ ಊದಿದರೆ ಗೆರೆಗೆ ಬನ್ನಿ. ಒಂದು ಸಲಕ್ಕೆ ಬಾಣ ಬಿಡಿ. ಮೂರು ಸಲಕ್ಕೆ ಬಾಣ ತನ್ನಿ. ಬಿಡದೆ ಐದಾರು ಸಲ ಊದಿದರೆ ಎಲ್ಲಿದ್ದೀರೋ ಅಲ್ಲೇ ಹೆದೆ ಇಳಿಸಿ, ಬಾಣ ತೆಗೆಯಿರಿ. ದೊಡ್ಡ ಪಂದ್ಯದಲ್ಲೂ ಇದೇ ಸದ್ದು, ಇಲ್ಲೇ ಅಭ್ಯಾಸ ಆಗಲಿ. ಸುಣ್ಣದ ಪುಡಿಯಲ್ಲಿ ಎರಡು ಗೆರೆ ಎಳೆಯುತ್ತೇವೆ. ಮುಂದಿನದು ಬಿಡುವ ಗೆರೆ, ಐದು ಮೀಟರ್ ಹಿಂದೆ ಕಾಯುವ ಗೆರೆ. ಸರದಿ ಇಲ್ಲದವರು, ಫೋಟೋ ತೆಗೆಯುವವರು, ನಾಯಿ, ಎಲ್ಲ ಅದರ ಹಿಂದೆ.

ಸೀಟಿ ಊದುವವನು ಬಾಣ ಬಿಡುವ ಹಾಗಿಲ್ಲ. ಎರಡೂ ಕೆಲಸ ಒಬ್ಬನೇ ಮಾಡಿದ ದಿನವೇ ಬಾಣ ಸೀರೆಗೆ ಹೋಗುವುದು.

ಬಿದಿರುಬಿಲ್ಲು

ಸರಿಯಾಗಿ ಊಹಿಸಿದಿರಿ ಮೇಷ್ಟ್ರೇ. ಅವತ್ತು ಸೀಟಿ ನನ್ನ ಬಾಯಲ್ಲೇ ಇತ್ತು.

ಸೈಟ್ ಪಿನ್

ಜಡ್ಜ್ ಕೆಲಸ ಒಪ್ಪಿದೆ. ನನ್ನ ಷರತ್ತು ಎರಡು. ಒಂದು, 40 ಪೌಂಡಿಗಿಂತ ಜಾಸ್ತಿ ಇರುವ ಬಿಲ್ಲು ಬೇಡ, ನಾನೇ ತಕ್ಕಡಿ ತಂದು ಎಳೆದು ನೋಡುತ್ತೇನೆ. ಎರಡು, ಬೇಟೆಗೆ ಬಳಸುವ ಅಗಲ ಅಲಗಿನ ಮೊನೆ ಕಂಡರೆ ಬತ್ತಳಿಕೆ ಸಮೇತ ಮನೆಗೆ. ಹುಲ್ಲು ಕತ್ತರಿಸಿಹೋಗುತ್ತದೆ. ಅದಕ್ಕಿಂತ ಮೊದಲು, ಇದು ಬೇಟೆಯ ಕೂಟ ಅಂತ ಊರಿನಲ್ಲಿ ಸುದ್ದಿ ಹಬ್ಬಿದರೆ ಕಷ್ಟ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅನ್ನುವುದು ನಗುವ ವಿಷಯ ಅಲ್ಲ. ಜಿಂಕೆ, ಹಂದಿ ಬೊಂಬೆ ಗುರಿಯೂ ಈ ಸಲ ಬೇಡ.

ಬಿಲ್ಲಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಂಡವರಿಗೆ ಟೇಪ್ ಅಂಟಿಸುತ್ತೇನೆ. ಅದೂ ಒಂದು ಸೈಟೇ. ಯಾರು ಹಾಗೆ ಮಾಡುತ್ತಾರೆ ಅಂತ ನನಗೆ ಗೊತ್ತು.

ಮೋಡದೂರು

ಹೆಂಗಸರಿಗೆ ಬೇರೆ ಬಹುಮಾನ ಇಡಬೇಕಲ್ವಾ?

ಹೆಬ್ಬೆರಳು

ಬೇಡ. 18 ಮೀಟರ್, 40 ಪೌಂಡ್ ಮಿತಿ. ಇದರಲ್ಲಿ ಗಂಡಸರಿಗೆ ಯಾವ ಲಾಭವೂ ಇಲ್ಲ. ಬಿಲ್ಲಿನ ಜಾತಿ ನೋಡಿ ಮೂರು ವಿಭಾಗ ಮಾಡಿ, ಮಕ್ಕಳದ್ದು ಒಂದು. ಸಾಕು.

ನರ್ಸಮ್ಮ

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬ್ಯಾಂಡೇಜ್ ಡಬ್ಬಿ ನಾನು ತರುತ್ತೇನೆ. ಜಾಸ್ತಿ ಬರುವುದು ಮೂರೇ. ಹೆದೆ ಮುಂಗೈಗೆ ಬಡಿದು ನೀಲಿ ಕಟ್ಟುವುದು, ಬೆರಳಿನ ಚರ್ಮ ಏಳುವುದು, ಕೈಯ ಮೇಲೇ ಬಾಣ ಇಟ್ಟು ಬಿಡುವವರಿಗೆ ಗರಿಯ ಬುಡ ಚರ್ಮ ಕೊರೆಯುವುದು. ಮುಂಗೈ ಪಟ್ಟಿ ಇಲ್ಲದವರು ಹಳೇ ಜೀನ್ಸಿನ ಕಾಲು ಕತ್ತರಿಸಿ ಕಟ್ಟಿಕೊಳ್ಳಿ.

ದೇವರ ದಯೆಯಿಂದ ಆಗದಿರಲಿ, ಬಾಣ ಯಾರಿಗಾದರೂ ಹೊಕ್ಕರೆ ಅದನ್ನು ಕೀಳಬೇಡಿ. ಸಿನಿಮಾದಲ್ಲಿ ಕೀಳುತ್ತಾರೆ. ಒಳಗೆ ರಕ್ತನಾಳಕ್ಕೆ ಬಿರಡೆ ಹಾಕಿದ ಹಾಗೆ ಅದೇ ಕೂತಿರುತ್ತದೆ. ಅಲ್ಲಾಡದ ಹಾಗೆ ಸುತ್ತ ಬಟ್ಟೆ ಇಟ್ಟು ಕಟ್ಟಿ 108ಕ್ಕೆ ಫೋನ್ ಮಾಡಿ. ಗದ್ದೆಗೆ ಆಂಬುಲೆನ್ಸ್ ಬರುವ ದಾರಿ ಯಾವುದು, ಯಾವ ತಿರುವಿನಲ್ಲಿ ಒಬ್ಬರು ನಿಂತಿರಬೇಕು ಅಂತ ಹಿಂದಿನ ದಿನವೇ ತೀರ್ಮಾನ ಆಗಲಿ. ಪಂಚಾಯಿತಿಗೆ, ಪೊಲೀಸ್ ಠಾಣೆಗೆ ಒಂದೊಂದು ಕಾಗದ ಕೊಟ್ಟು ಸಹಿ ಹಾಕಿಸಿಕೊಳ್ಳಿ.

ಬಾಡೂಟ

ಊಟ?

ಬಿದಿರುಬಿಲ್ಲು

ಬೆಳಗ್ಗೆ ಉಪ್ಪಿಟ್ಟು, ಕೇಸರಿಬಾತು. ಮಧ್ಯಾಹ್ನ ಮುದ್ದೆ, ಉಪ್ಸಾರು, ಅನ್ನ, ಮೊಸರು.

ಬಾಡೂಟ

ಮಂಡ್ಯದ ಗದ್ದೆಯಲ್ಲಿ ಉಪ್ಸಾರಾ? 2024ರಲ್ಲಿ ಸಾಹಿತ್ಯ ಸಮ್ಮೇಳನಕ್ಕೇ ಬಾಡೂಟ ಬೇಕು ಅಂತ ಕೇಳಿದ ಜಿಲ್ಲೆ ಇದು.

ಗದ್ದೆಬಯಲು

ನಮ್ಮಮ್ಮ ನಾಟಿಕೋಳಿ ಸಾರು ಮಾಡುತ್ತಾರೆ, ಒಂದು ಒಲೆ ಬೇರೆ ಹೂಡುತ್ತೇವೆ. ಆದರೆ ಬಾಣ ಎಣಿಸಿ ಮುಗಿದ ಮೇಲೆಯೇ ಎಲೆ ಹಾಕುವುದು. ಒಂದು ಕಡಿಮೆ ಇದ್ದರೂ ಕೋಳಿ ಒಲೆಯ ಮೇಲೇ ಇರುತ್ತದೆ.

ಪಿಟಿ ಮೇಷ್ಟ್ರು

ಇದಕ್ಕಿಂತ ಒಳ್ಳೆಯ ನಿಯಮ ನಾನು ನೋಡಿಲ್ಲ.

ಮೋಡದೂರು

ಹೆಸರು? "ಧನುಷ್ಕೋಟಿ ಕೂಟ" ಅಂದರೆ ಹೇಗೆ? ಮೇಲುಕೋಟೆ ಹತ್ತಿರವೇ ಇದೆ. ಸೀತೆಗೆ ಬಾಯಾರಿಕೆ ಆದಾಗ ರಾಮ ಬಂಡೆಗೆ ಬಾಣ ಬಿಟ್ಟು ನೀರು ತರಿಸಿದ ಜಾಗ.

ಹೆಬ್ಬೆರಳು

ರಾಮನ ಬಾಣ ನೆಲಕ್ಕೆ ಬಿದ್ದರೆ ನೀರು ಬರುತ್ತದೆ. ನಮ್ಮದು ಬಿದ್ದರೆ ಗದ್ದೆಬಯಲಣ್ಣನಿಗೆ ಕೋಪ ಬರುತ್ತದೆ. ಸುಮ್ನೆ "ಬಿಲ್ಲಿನ ಕೂಟ" ಅನ್ನಿ.

ಬಿದಿರುಬಿಲ್ಲು

ಹಾಗಾದರೆ ಸಂಕ್ರಾಂತಿ ಆದ ಎರಡನೇ ಭಾನುವಾರ. ಕೊಯ್ಲಿಗೆ ಯಾರು ಯಾರು ಬರುತ್ತೀರಿ ಅಂತ ಕೆಳಗೆ ಬರೆಯಿರಿ. ಹೆಸರು ಬರೆದವರು ಕುಡುಗೋಲು ಹಿಡಿಯಲು ಬರುತ್ತೀರಾ ಅಂತಲೂ ಬರೆಯಿರಿ.

(ಕೊಯ್ಲು ಮುಗಿದ ವಾರ)

ಉಳಿ ಸುತ್ತಿಗೆ

ಆರು ಗುರಿ ತಯಾರು. ಒಂದೊಂದಕ್ಕೆ ಎರಡು ಹೊರೆ ಅಂದುಕೊಂಡಿದ್ದೆ, ಮೂರು ಹಿಡಿಯಿತು. ಬಿದಿರು ಗಳ ಮೈಸೂರಿನ ಬಂಬೂ ಬಜಾರಿನಿಂದ ತಂದೆ. ಮೂರು ಕಾಲಿನ ಸ್ಟ್ಯಾಂಡಿಗೆ ಹಿಂದಿನ ಕಾಲನ್ನು ಗೂಟಕ್ಕೆ ಕಟ್ಟಿದ್ದೇನೆ. ಬಾಣ ಕೀಳುವಾಗ ಎಳೆತಕ್ಕೆ ಗುರಿ ಮುಂದಕ್ಕೆ ಮಗುಚಿದರೆ ಮುಖಕ್ಕೇ ಬಂತು.

ಕೊಯ್ಲಿಗೆ ಬರುತ್ತೇವೆ ಅಂದವರು 14. ಬಂದವರು 6. ಹೆಸರು ಹೇಳುವುದಿಲ್ಲ.

ಹೊಸಬ

ನಾನು ಬಂದಿದ್ದೆ. ಇನ್ನೂ ಬೆನ್ನು ನೆಟ್ಟಗಾಗಿಲ್ಲ.

ಬಿದಿರುಬಿಲ್ಲು

ನಿನ್ನೆ ಭಾನುವಾರ ಪರೀಕ್ಷೆಗೆ ಅಂತ ಏಳು ಜನ ಹೋಗಿದ್ದೆವು. ವರದಿ ಹಾಕುತ್ತಿದ್ದೇನೆ.

ನೆಲ ಚೆನ್ನಾಗಿದೆ. ಭತ್ತದ ಕೂಳೆ ಪಾದಕ್ಕೆ ಚುಚ್ಚುತ್ತದೆ, ಚಪ್ಪಲಿಯಲ್ಲಿ ಬರಬೇಡಿ, ಶೂ ಹಾಕಿ. ಬಿಡುವ ಗೆರೆಯಿಂದ ಗುರಿಯ ತನಕ ಕೂಳೆ ಸವರಿಸಬೇಕು. ಕೆಳಗೆ ಬಿದ್ದ ಎರಡು ಬಾಣ ಅದರೊಳಗೆ ಹೊಕ್ಕು ಹುಡುಕಲು ಹತ್ತು ನಿಮಿಷ ಹಿಡಿಯಿತು. ದಿಣ್ಣೆಯ ಮೇಲೆ ಕುರಿ ಬರುತ್ತವೆ, ಅವತ್ತು ಒಬ್ಬರು ಕೆಂಪು ಬಾವುಟ ಹಿಡಿದು ಅಲ್ಲಿ ಪಕ್ಕಕ್ಕೆ ಕೂರಬೇಕು. ಹುಲ್ಲಿನ ಗುರಿಗೆ ಹತ್ತಕ್ಕೆ ಹತ್ತು.

ಬಾಳೆಕಂಬದಲ್ಲಿ ಎಡವಟ್ಟಾಯಿತು. ಏಳು ಜನ, ತಲೆಗೆ ಆರು, ಒಟ್ಟು 42 ಬಾಣ. ಕೊನೆಯಲ್ಲಿ ಎಣಿಸಿದರೆ 42 ಬಂತು. ಎಲ್ಲರೂ ನಿರಾಳ. ಗದ್ದೆಬಯಲಣ್ಣ ಮಾತ್ರ ಬಾಣಗಳನ್ನು ತಲೆಕೆಳಗೆ ಹಿಡಿದು ಮತ್ತೆ ಎಣಿಸಿದರು. "ಕೋಲು 42. ಮೊನೆ 41" ಅಂದರು.

ಬಾಳೆಯಿಂದ ಕೀಳುವಾಗ ಯಾರೋ ತಿರುಚಿ ಎಳೆದಿದ್ದಾರೆ. ಮೊನೆ ಒಳಗೇ ಉಳಿದು ಬರೀ ಕೋಲು ಬಂದಿದೆ. ಕಂಬದ ಮೇಲೆ ಇಪ್ಪತ್ತು ಮೂವತ್ತು ತೂತು, ಯಾವುದರಲ್ಲಿ ಅಂತ ಹುಡುಕುವುದು? ಅಣ್ಣ ಕುಡುಗೋಲು ತಂದು ಉದ್ದಕ್ಕೆ ಸೀಳಿದರು. ಆಮೇಲೆ ಈರುಳ್ಳಿ ಬಿಡಿಸಿದ ಹಾಗೆ ಒಂದೊಂದೇ ಪಟ್ಟೆ. ನಾವು ಏಳು ಜನ ಸುತ್ತ ಕೂತು ಪ್ರತಿ ಪಟ್ಟೆಯನ್ನೂ ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದೆವು. ಅಂಗೈಯೆಲ್ಲ ಲೋಳೆ, ಶರ್ಟಿನ ಮೇಲೆ ಕರೆ. ಏಳನೇ ಪಟ್ಟೆಯೋ ಎಂಟನೆಯದೋ, ಒಳಗಿನ ದಿಂಡಿಗೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ಹೊಸಬನ ಬೆರಳಿಗೆ ಸಿಕ್ಕಿತು. ಮುಕ್ಕಾಲು ಗಂಟೆ ಹಿಡಿಯಿತು. ಆ ಪಟ್ಟೆಗಳನ್ನು ಅವರ ಮನೆಯಲ್ಲಿ ದನಕ್ಕೆ ಕೊಚ್ಚಿ ಹಾಕುತ್ತಾರಂತೆ.

ಪಿಟಿ ಮೇಷ್ಟ್ರು

ನನ್ನ ಲೆಕ್ಕದಲ್ಲಿ ಬಾಳೆ ಸುತ್ತಿಗೆ ನಲವತ್ತು ನಿಮಿಷ ಇತ್ತು. ಅದರ ಮೇಲೆ ಒಂದು ಗಂಟೆ ಸೇರಿಸಿದ್ದೇನೆ. ಬಾಣ ಕೀಳುವಾಗ ಒಂದು ಕೈ ಕಂಬಕ್ಕೆ ಒತ್ತಿ, ಇನ್ನೊಂದು ಕೈಯಲ್ಲಿ ಕೋಲಿನ ಬುಡ ಹಿಡಿದು ನೇರ ಎಳೆಯಬೇಕು. ಪ್ರತಿ ಸಲ ಕಿತ್ತ ಮೇಲೆ ಮೊನೆ ಎಣಿಸಿ ಬರೆಯಬೇಕು, ಕೊನೆಗೆ ಅಲ್ಲ.

ಸೈಟ್ ಪಿನ್

ಅಂಕದ ಹಾಳೆಯಲ್ಲಿ "ಮೊನೆ" ಅಂತ ಒಂದು ಸಾಲು ಜಾಸ್ತಿ ಹಾಕಿದ್ದೇನೆ. ಅಲ್ಲಿ ಗುಂಪಿನ ಆರೂ ಜನರ ಸಹಿ ಬೇಕು.

ಹೊಸಬ

ಬಿಲ್ಲು ಕೂಟಕ್ಕೆ ಬಂದು ಬಾಳೆ ಬಿಡಿಸುವುದು ಕಲಿತೆ. ಆದರೂ 12 ಸಲ ಬಿಟ್ಟದ್ದರಲ್ಲಿ 5 ತಾಗಿತು ಅಕ್ಕ.

ಹೆಬ್ಬೆರಳು

ನನಗೆ 4. ಯಾರಿಗೂ ಹೇಳಬೇಡ.

ಗದ್ದೆಬಯಲು

ಮೊನೆ ನಮ್ಮ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದೇನೆ, ಬಾಳೆನಾರಿನಲ್ಲಿ ಕಟ್ಟಿ. ಯಾರದ್ದೋ ಅವರು ಕೂಟದ ದಿನ ತಗೊಳ್ಳಿ. ಬರುವಾಗ ಇನ್ನೆರಡು ಕುಡುಗೋಲು ತನ್ನಿ, ಆರು ಕಂಬ ಸೀಳಬೇಕು. ಕೋಳಿ ಎಷ್ಟು ಅಂತ ಅಮ್ಮ ಕೇಳುತ್ತಿದ್ದಾರೆ, ಬುಧವಾರದ ಒಳಗೆ ಹೇಳಿ.